ಹೇಳುವವರು ನಿಂತ ಜಾಗ

ಸಂಗತಿ ಇಷ್ಟೇ. ಇಫ್ತಿಕಾರ್ ಎಂಬೊಬ್ಬ ತನ್ನ ಹೆಂಡತಿ ಶೈಸ್ತಾಳನ್ನು ನಾಲ್ಕು ಜನ ನೋಡಿ ಬೆರಗಾಗುವಷ್ಟು ಪ್ರೀತಿಸುತ್ತಾನೆ. ಅವಳ ಹೆಸರಿನಲ್ಲಿ ಮಹಲು ಕಟ್ಟಿಸುವ ಮಾತಾಡುತ್ತಾನೆ. ಅವಳು ತೀರಿಕೊಳ್ಳುತ್ತಾಳೆ. ಸಾವಿನ ಮನೆಯ ನೋವು ಆರುವ ಮೊದಲೇ ಅವನು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗುತ್ತಾನೆ. ಇಂಥದ್ದನ್ನು ನಾವೆಲ್ಲ ಕೇಳಿದ್ದೇವೆ, ಅಯ್ಯೋ ಎಂದು ಎದ್ದು ಹೋಗಿದ್ದೇವೆ.

ಬಾನು ಮುಷ್ತಾಕ್ ಇದನ್ನು ಕತೆ ಮಾಡುವಾಗ ಅವರಿಬ್ಬರಿಂದ ಶುರು ಮಾಡುವುದಿಲ್ಲ. ಜೀನತ್ ಎಂಬ ಇನ್ನೊಬ್ಬ ಹೆಂಗಸಿನ ಬಾಯಿಗೆ ಕತೆಯನ್ನು ಕೊಡುತ್ತಾರೆ. ಅವಳಿಗೆ ಮೊದಲು ಎದುರಾಗುವ ಕಷ್ಟವೇ ಬೇರೆ. ತನ್ನ ಗಂಡನನ್ನು ನಮಗೆ ಯಾವ ಪದದಿಂದ ಪರಿಚಯಿಸಬೇಕು? ಯಜಮಾನ ಎಂದರೆ ತಾನು ಆಳಾಗಬೇಕಾಗುತ್ತದೆ. ಪತಿ ಎಂದರೆ ಅದರ ಬೆನ್ನಿಗೆ ದೇವರು ಬಂದು ನಿಲ್ಲುತ್ತಾನೆ. ಒಂದೊಂದೇ ಪದವನ್ನು ಎತ್ತಿ ನೋಡಿ ಕೆಳಗಿಡುತ್ತಾಳೆ. ಶೈಸ್ತಾಳ ಮನೆಗೆ ನಾವು ಹೋಗುವುದು ಇದಾದ ಮೇಲೆ. ಹಾಗಾಗಿ ಕೊನೆಯಲ್ಲಿ ಇಫ್ತಿಕಾರನ ಹೊಸ ಹೆಂಡತಿ ಕಣ್ಣಿಗೆ ಬಿದ್ದಾಗ ಅವನೊಬ್ಬನನ್ನೇ ಬೈದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಜೀನತ್ ತನ್ನ ಮದುವೆಯನ್ನೂ ಆ ಬೆಳಕಿನಲ್ಲಿ ನೋಡುತ್ತಿದ್ದಾಳೆ. ಓದುತ್ತಿರುವವರು ಗಂಡಸರಾದರೆ, ಮನೆಯಲ್ಲಿ ತಮಗಿರುವ ಹೆಸರು ಯಾವುದೆಂದು ಒಮ್ಮೆ ನೆನಪಾಗಲೇಬೇಕು.

2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ ತೆರೆದುಕೊಳ್ಳುವುದು ಈ ಕತೆಯಿಂದ. ಹನ್ನೆರಡು ಕತೆಗಳ ಈ ಪುಸ್ತಕವನ್ನು ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಆ ಪ್ರಶಸ್ತಿ ಸಣ್ಣಕತೆಗಳ ಸಂಕಲನವೊಂದಕ್ಕೆ ಬಂದದ್ದು ಅದೇ ಮೊದಲು, ಕನ್ನಡಕ್ಕೆ ಬಂದದ್ದೂ ಅದೇ ಮೊದಲು. ಆ ದಿನಗಳಲ್ಲಿ ಕತೆಗಳ ವಸ್ತುವಿನ ಬಗ್ಗೆ ತುಂಬ ಮಾತಾಯಿತು: ಮುಸ್ಲಿಂ ಹೆಣ್ಣುಮಕ್ಕಳು, ಮದುವೆ, ತಲಾಕು, ಮಸೀದಿಯ ಮುಖಂಡರು. ಕತೆಯ ಕಟ್ಟೋಣದ ಬಗ್ಗೆ ಅಷ್ಟು ಮಾತಾಗಲಿಲ್ಲ ಎಂಬುದು ನನ್ನ ಕೊರಗು. ಶಾಲೆಯಲ್ಲಿ ‘ಈ ಕತೆಯ ಆಶಯವೇನು’ ಎಂಬ ಪ್ರಶ್ನೆಗೆ ಐದು ಅಂಕಕ್ಕೆ ಉತ್ತರ ಬರೆದು ಬೆಳೆದವರು ನಾವು. ತೆಂಗಿನಕಾಯಿಯೊಳಗೆ ನೀರಿದ್ದಂತೆ ಕತೆಯೊಳಗೆ ಆಶಯ ಇರುತ್ತದೆ, ಒಡೆದು ಬಸಿದುಕೊಂಡರಾಯಿತು ಎಂದು ನಂಬಿಬಿಟ್ಟಿದ್ದೇವೆ. ಜೀನತ್‌ಳನ್ನು ತೆಗೆದುಬಿಟ್ಟರೆ ಶೈಸ್ತಾಳ ಕತೆಯಲ್ಲಿ ಬಸಿದುಕೊಳ್ಳಲು ಏನು ಉಳಿಯುತ್ತದೆ?

ಕನ್ನಡದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ನಮ್ಮ ಕ್ರಿಯಾಪದವೇ ಹೇಳುವವರ ಜಾಗವನ್ನು ಬಿಟ್ಟುಕೊಡುತ್ತದೆ. ಮನೆಗೆಲಸದ ಹೆಂಗಸು ‘ಬಂದಳು’ ಎಂದು ಬರೆಯಬೇಕೋ ‘ಬಂದರು’ ಎಂದೋ? ಇಂಗ್ಲಿಷಿನ ಕತೆಗಾರನಿಗೆ ಈ ಸಂಕಟವಿಲ್ಲ. ನಮಗೆ ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಜಾತಿ, ವಯಸ್ಸು, ಅಂತಸ್ತು, ಸಲಿಗೆ ಎಲ್ಲವೂ ತೀರ್ಮಾನವಾಗಿರುತ್ತದೆ. ಹವ್ಯಕ ಕನ್ನಡದಲ್ಲಾದರೆ ಹೆಣ್ಣನ್ನು ‘ಅದು’ ಎನ್ನುವ ರೂಢಿಯೂ ಇದೆ. ಇನ್ನು ‘ಅಂತೆ’. ‘ಓಡಿಹೋದಳು’ ಎಂದರೆ ಕತೆಗಾರ ಸಾಕ್ಷಿ. ‘ಓಡಿಹೋದಳಂತೆ’ ಎಂದರೆ ಊರಿಗೆ ಊರೇ ಕತೆಯೊಳಗೆ ಬಂದು ಕೂತಿತು. ಎರಡಕ್ಷರದ ಈ ಪ್ರತ್ಯಯ ಒಂದು ಪ್ರೇಮಕತೆಯನ್ನು ಚಾಡಿಯ ಕತೆಯನ್ನಾಗಿ ಮಾಡಬಲ್ಲದು.

ಮಾಸ್ತಿಯವರಿಗೆ ಇದು ಕರತಲಾಮಲಕ. ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವರ ಕತೆಗಳಲ್ಲಿ ಯಾರೋ ಯಾರಿಗೋ ಹೇಳಿದ್ದನ್ನು ಇನ್ಯಾರೋ ನಮಗೆ ಮುಟ್ಟಿಸುತ್ತಿರುತ್ತಾರೆ. ಇದನ್ನು ಹಳೆಯ ಕಾಲದ ನಿಧಾನ ಎಂದು ತಳ್ಳಿಹಾಕುವವರು ‘ಮೊಸರಿನ ಮಂಗಮ್ಮ’ವನ್ನು ಇನ್ನೊಮ್ಮೆ ಓದಬೇಕು. ಮಂಗಮ್ಮನಿಗೂ ಸೊಸೆ ನಂಜಮ್ಮನಿಗೂ ಜಗಳ; ಮಗ ಹೆಂಡತಿಯ ಕಡೆ. ನಮಗೆ ಇದು ತಿಳಿಯುವುದು ಮಂಗಮ್ಮ ಮೊಸರು ಹಾಕುವ ಮನೆಯ ಗೃಹಿಣಿಯ ಮೂಲಕ. ಗಂಡಸೊಬ್ಬರು ಬರೆದ ಈ ಕತೆಯಲ್ಲಿ ‘ನಾನು’ ಎನ್ನುವವಳು ಹೆಂಗಸು. ಮೊಸರು ಅಳೆದು ಕೊಟ್ಟು, ಬುಟ್ಟಿ ಪಕ್ಕಕ್ಕಿಟ್ಟು ಒಬ್ಬಳು ಮನಸ್ಸು ಬಿಚ್ಚುತ್ತಾಳೆ, ಇನ್ನೊಬ್ಬಳು ಕೇಳುತ್ತಾಳೆ. ಗಂಡಸರ ಕಿವಿ ಹತ್ತಿರವಿದ್ದರೆ ಈ ಮಾತುಗಳು ಹೊರಡುತ್ತಿರಲಿಲ್ಲ. ದಿನವೂ ಒಬ್ಬಳ ಮಾತನ್ನೇ ಕೇಳಿ ಅವಳ ಪಕ್ಷವನ್ನೇ ಹಿಡಿದುಬಿಟ್ಟಿರುತ್ತೇವೆ. ಆಮೇಲೆ ಸೊಸೆಯೂ ಅದೇ ಮನೆಗೆ ಬಂದು ತನ್ನ ಮಾತು ಹೇಳುತ್ತಾಳೆ. ಇಬ್ಬರನ್ನೂ ಕೇಳಿಸಿಕೊಂಡ ಆ ಗೃಹಿಣಿ ಇರದೇ ಇದ್ದಿದ್ದರೆ ಇದು ಅತ್ತೆ ಸೊಸೆಯರ ಜಗಳದ ಸಾವಿರದೊಂದನೆಯ ಕತೆಯಾಗುತ್ತಿತ್ತು. ಅವಳು ಇರುವುದರಿಂದ, ಮಗನ ಮೇಲೆ ಹಕ್ಕು ಯಾರದ್ದು ಎಂಬ ಪ್ರಶ್ನೆ ಯಾರ ತೀರ್ಪೂ ಇಲ್ಲದೆ ತೆರೆದೇ ಉಳಿಯುತ್ತದೆ.

ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಕೇಳುವ ಕಿವಿಯ ಬದಲು ನೋಡುವ ಕಣ್ಣಿದೆ. ಅದೂ ನಾಣಿ ಎಂಬ ಪುಟ್ಟ ಹುಡುಗನ ಕಣ್ಣು. ವೇದಪಾಠಕ್ಕೆಂದು ಉಡುಪರ ಮನೆಗೆ ಬಂದು ಸೇರಿದ ಹುಡುಗ. ಉಡುಪರ ವಿಧವೆ ಮಗಳು ಯಮುನಕ್ಕ ಬಸಿರಾಗಿದ್ದಾಳೆ. ನಾಣಿಗೆ ಬಸಿರು ಗೊತ್ತಿಲ್ಲ, ಕಳಂಕ ಗೊತ್ತಿಲ್ಲ. ಕತ್ತಲು ಗೊತ್ತು, ಕಾಡು ಗೊತ್ತು, ಯಮುನಕ್ಕನ ಕೈಯ ಬಿಸಿ ಗೊತ್ತು. ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡಿ ಹೊರಗಟ್ಟುವುದನ್ನು ದೊಡ್ಡವರೊಬ್ಬರು ಹೇಳಿದ್ದರೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಹಿಂದೆಯೇ ವಾದ, ಪ್ರತಿವಾದ. ಹುಡುಗನ ಹತ್ತಿರ ವಾದವಿಲ್ಲ. ಅವನಿಗೆ ಅಕ್ಕನೊಬ್ಬಳು ಇದ್ದಳು, ಈಗ ಇಲ್ಲ. ಸಂಪ್ರದಾಯ ಎಷ್ಟು ಕ್ರೂರ ಎಂಬುದಕ್ಕೆ ಇದಕ್ಕಿಂತ ದೊಡ್ಡ ಅಳತೆಗೋಲು ನನಗೆ ಬೇರೆಲ್ಲೂ ಸಿಕ್ಕಿಲ್ಲ. 1977ರಲ್ಲಿ ಗಿರೀಶ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದಾಗಲೂ ಕ್ಯಾಮೆರಾವನ್ನು ಆ ಹುಡುಗನ ಬೆನ್ನಿಗೇ ಬಿಟ್ಟರು.

ದೇವನೂರ ಮಹಾದೇವ ಅವರ ‘ಅಮಾಸ’ ತೀರ ಬೇರೆ ದಾರಿ. ಅಲ್ಲಿ ಹೇಳುವ ದನಿಗೆ ಎಲ್ಲವೂ ಗೊತ್ತಿಲ್ಲ. ಹುಡುಗನಿಗೆ ಆ ಹೆಸರು ಏಕೆ ಬಂತೆಂಬುದನ್ನೂ ಅದು ಹೀಗಿರಬಹುದು, ಹಾಗಿರಬಹುದು ಎಂದು ಊಹಿಸುತ್ತದೆ. ಕೇರಿಯ ಜಗಲಿಯ ಮೇಲೆ ಕೂತು ಮಾತಾಡಿದಂತೆ. ಮೇಲಿನಿಂದ ನೋಡಿ ಕರುಣೆ ತೋರಿಸುವ ಬರಹಗಾರ ಅಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಅಮಾಸನ ಮೇಲೆ ನಮಗೂ ಕರುಣೆ ಹುಟ್ಟುವುದಿಲ್ಲ. ಪ್ರೀತಿ ಹುಟ್ಟುತ್ತದೆ.

ಮತ್ತೆ ಬಾನು ಮುಷ್ತಾಕ್ ಅವರಲ್ಲಿಗೆ ಬರಬೇಕು, ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕತೆಗಾಗಿ. ಇಲ್ಲಿ ಹೆಣ್ಣು ಮಾತಾಡುತ್ತಿರುವುದು ನಮ್ಮೊಂದಿಗಲ್ಲ, ದೇವರೊಂದಿಗೆ. ಹಾಸನದಲ್ಲಿ ವಕೀಲಿಕೆ ಮಾಡಿದ ಲೇಖಕಿಗೆ ಅರ್ಜಿ ಎಂದರೇನೆಂದು ಚೆನ್ನಾಗಿ ಗೊತ್ತು. ಅರ್ಜಿಯನ್ನು ಯಾರ ವಿಳಾಸಕ್ಕೆ ಬರೆದಿದೆ ಎಂಬುದೇ ಕಷ್ಟದ ಆಳವನ್ನು ಹೇಳಿಬಿಡುತ್ತದೆ. ತವರು, ಗಂಡ, ಹಿರಿಯರು ಎಲ್ಲರನ್ನೂ ದಾಟಿ ಸೃಷ್ಟಿಕರ್ತನ ಬಾಗಿಲಿಗೇ ಬಂದವಳು ಅವಳು. ಇದನ್ನೇ ಮೂರನೆಯವರ ಮಾತಾಗಿ ಬರೆದಿದ್ದರೆ ಗಂಡ ಬಿಟ್ಟವಳೊಬ್ಬಳ ದುಃಖವಾಗುತ್ತಿತ್ತು. ‘ನೀನು’ ಎಂದು ಮುಖಾಮುಖಿ ನಿಂತದ್ದರಿಂದ ಆಪಾದನೆಯಾಯಿತು. ದೇವರಿಗೆ ಕನ್ನಡದಲ್ಲಿ ಬಹುವಚನ ಬೇಕಾಗಿಲ್ಲ ಎಂಬುದು ಎಂಥ ಸೌಲಭ್ಯ! ದಾಸರೂ ವಚನಕಾರರೂ ಬಳಸಿದ ಅದೇ ಏಕವಚನ ಇವಳಿಗೂ ಒದಗಿ ಬಂತು.

ಹೇಳದೆ ಉಳಿಸಿಕೊಳ್ಳುವವರೂ ಇದ್ದಾರೆ. ವಿವೇಕ ಶಾನಭಾಗರ ನೀಳ್ಗತೆ ‘ಘಾಚರ್ ಘೋಚರ್’ ಪ್ರಕಟವಾದದ್ದು 2013ರಲ್ಲಿ. ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತು ಮನೆಯ ಕತೆ ಹೇಳುವ ಈ ನಿರೂಪಕನಿಗೆ ಹೆಸರಿಲ್ಲ. ಇಕ್ಕಟ್ಟಿನ ಮನೆ, ಇರುವೆಗಳ ಕಾಟ, ಚಿಕ್ಕಪ್ಪನ ಮಸಾಲೆ ವ್ಯಾಪಾರ, ಕೈಗೆ ಬಂದ ದುಡ್ಡು, ಬಂದ ಸೊಸೆ ಅನಿತಾ. ಮೆತ್ತಗಿನ, ಸಭ್ಯ ದನಿ. ‘ನಾನು’ ಎನ್ನಬೇಕಾದ ಕಡೆಯೆಲ್ಲ ‘ನಾವು’ ಎನ್ನುವ ದನಿ. ಆ ‘ನಾವು’ವಿನ ನೆರಳಿನಲ್ಲಿ ಅವನು ಎಷ್ಟನ್ನು ನೋಡಿಯೂ ನೋಡದೆ ಬಿಟ್ಟ ಎಂಬುದು ಓದುಗರ ಎದೆಗೆ ನಿಧಾನವಾಗಿ ಇಳಿಯುತ್ತದೆ. ಅನಿತಾಳೇ ಈ ಕತೆ ಹೇಳಿದ್ದರೆ ನಮಗೆ ಎಲ್ಲವೂ ತಿಳಿಯುತ್ತಿತ್ತು, ಆದರೆ ಇವನ ಮೌನದ ರುಚಿ ನಾಲಿಗೆಗೆ ಹತ್ತುತ್ತಿರಲಿಲ್ಲ. ಆ ರುಚಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆ ಎಂಬುದೂ ಗೊತ್ತಾಗುತ್ತಿರಲಿಲ್ಲ. ಕೊನೆಯ ಪುಟದಲ್ಲಿ ಏನಾಯಿತೆಂದು ಅವನು ಹೇಳುವುದಿಲ್ಲ. ಮಾತು ಉಳಿಯುವುದು ಕಾಫಿ ಹೌಸಿನ ಮಾಣಿ ವಿನ್ಸೆಂಟನ ಬಾಯಲ್ಲಿ.