ಗ್ರಾಹಕರ ಪರ ಮಾತಾಡುವವರ ಲೆಕ್ಕ ತಪಾಸಣೆ: ಅಕ್ಕಲಕೋಟೆಯ ಕಡೆಯಿಂದ

 

ವಿದ್ಯುತ್ ದರ ನಿಗದಿಯಾಗುವಾಗ ಕಂಪನಿಯ ಪರವಾಗಿ ಎಂಜಿನಿಯರರು, ವಕೀಲರು ಇರ್ತಾರ. ಅವರ ಖರ್ಚೂ ಕೊನೆಗೆ ನಮ್ಮ ಬಿಲ್ಲಿನಲ್ಲೇ ಸೇರ್ತದ. ನಮ್ಮ ಪರ ಯಾರು? 2003ರ ವಿದ್ಯುತ್ ಕಾಯ್ದೆಯ ಕಲಂ 94(3)ರ ಪ್ರಕಾರ ಆಯೋಗವು ತನಗೆ ಸೂಕ್ತ ಕಂಡವರಿಗೆ ಗ್ರಾಹಕರನ್ನು ಪ್ರತಿನಿಧಿಸುವ ಅಧಿಕಾರ ಕೊಡಬಹುದು. ‘ಬಹುದು’ ಅಷ್ಟೇ, ‘ಬೇಕು’ ಅಲ್ಲ. ಕರ್ನಾಟಕದ ಆಯೋಗ ತನ್ನೊಳಗೇ ಗ್ರಾಹಕ ವಕಾಲತ್ತಿನ ಕಚೇರಿ ತೆರೆಯಿತು. ಮಹಾರಾಷ್ಟ್ರದ ಆಯೋಗ ಪುಣೆಯ ಪ್ರಯಾಸ, ಮುಂಬಯಿ ಗ್ರಾಹಕ ಪಂಚಾಯತ್‌ನಂಥ ಹೊರಗಿನ ಸಂಸ್ಥೆಗಳಿಗೆ ಆ ಕೆಲಸ ಒಪ್ಪಿಸಿತು. ಎರಡರಲ್ಲೂ ತೊಡಕು ಒಂದೇ: ಆ ಕೆಲಸ ಚಲೋ ನಡೆದದೋ ಇಲ್ಲೋ ಅಂತ ಅಳೆಯೋದು ಹ್ಯಾಂಗ?

ಕಲಂ 104ರಂತೆ ರಾಜ್ಯ ಆಯೋಗದ ಲೆಕ್ಕಪತ್ರ ಸಿಎಜಿ ತಪಾಸಣೆಗೆ ಹೋಗ್ತದ. ಬಂದ ಹಣ, ಹೋದ ಹಣ ಅಲ್ಲಿ ಸಿಗ್ತದ. ರೈತನ ತಕರಾರು ಎಲ್ಲಿ ನಿಂತಿತು ಅನ್ನೋದು ಜಮಾ-ಖರ್ಚಿನಲ್ಲಿ ಕಾಣೂದಿಲ್ಲ.

ಅಕ್ಕಲಕೋಟೆ ತಾಲೂಕಿನ ಒಬ್ಬ ರೈತನನ್ನ ಊಹಿಸಿಕೊಳ್ರಿ. ಮೀಟರ್ ಇಲ್ಲದ ಪಂಪಸೆಟ್ಟಿಗೆ ಮಹಾವಿತರಣ ಎಚ್‌ಪಿ ಲೆಕ್ಕದಲ್ಲಿ ಬಿಲ್ ಹಾಕ್ತದ. ಬಾವಿಯ ಮ್ಯಾಲಿರೋದು 3 ಎಚ್‌ಪಿ ಮೋಟಾರು, ದಾಖಲೆಯಲ್ಲಿ 5 ಅಂತ ಬಿದ್ದದ ಅಂದ್ರ, ಪ್ರತಿ ಎಚ್‌ಪಿ ದರ ಅದೇ ಇದ್ದರೂ ಬಿಲ್ಲು ಒಂದೂವರೆ ಪಟ್ಟು ದಾಟ್ತದ. ವಿಷಯ ಅವನೊಬ್ಬನಿಗೇ ಮುಗಿಯೂದಿಲ್ಲ. ಅಂಥ ದಾಖಲೆಗಳು ಕೂಡಿದಾಗ ಕಾಗದದಲ್ಲಿ ಕೃಷಿ ಬಳಕೆ ಉಬ್ಬುತ್ತದ, ಸೋರಿಕೆ ಅಷ್ಟು ಇಳಿದು ಕಾಣ್ತದ. ಅದೇ ಅಂಕಿ ದರದ ಅರ್ಜಿಯೊಳಗೆ ಕೂತು ಸೋಲಾಪುರದ ಚಾದರ, ಟವೆಲ್ ನೇಯುವ ಪವರ್‌ಲೂಮಿನವರ ಯೂನಿಟ್ ದರಕ್ಕೂ ತಾಗ್ತದ. ಹಾಂಗಾಗಿ ಒಂಟಿ ದೂರು, ದರದ ವಿಚಾರಣೆ ಇವನ್ನ ಬ್ಯಾರೆ ಬ್ಯಾರೆ ಮಾಡಿ ತಪಾಸಣೆ ಮಾಡೋದು ನನಗ ಅರೆಬರೆ ಕೆಲಸ ಅನ್ನಿಸ್ತದ.

ಆ ರೈತ ಎಲ್ಲಿಗೆ ಹೋಗಬೇಕು? ಮೊದಲು ಸ್ಥಳೀಯ ಕಚೇರಿ. ಆಮೇಲೆ ಕಲಂ 42(5)ರ ತಕರಾರು ನಿವಾರಣ ವೇದಿಕೆ. ಸೋಲಾಪುರದವರಿಗೆ ಅದು ಬಾರಾಮತಿ ವಲಯದ್ದು, ಅಂದ್ರ ಪುಣೆ ಜಿಲ್ಲೆ. ಅದರ ಮ್ಯಾಲೆ ಮುಂಬಯಿಯ ವಿದ್ಯುತ್ ಲೋಕಪಾಲ. ತಕರಾರು ಹುಟ್ಟಿದ 2 ವರ್ಷದೊಳಗೆ ವೇದಿಕೆ ಮುಟ್ಟಬೇಕು. ಕೆಳಗಿನ ಕಚೇರಿಗೆ ಓಡಾಡುವುದರಲ್ಲೇ ಆ ಅವಧಿ ಮುಗಿದರೆ ಅರ್ಜಿಯನ್ನ ‘ಅವಧಿ ಮೀರಿದೆ’ ಅಂತ ತಿರಸ್ಕರಿಸಬಹುದು. ವಾರ್ಷಿಕ ಅಂಕಿಯಲ್ಲಿ ಅದೂ ಒಂದು ‘ವಿಲೇವಾರಿ’! ಆದ್ದರಿಂದ ಅಂಥ ತಿರಸ್ಕಾರಗಳನ್ನ ತಪಾಸಣೆಗಾರ ಬ್ಯಾರೆ ತೆಗೆದು ಎಣಿಸಬೇಕು. ಗೆದ್ದವರ ಬಿಲ್ಲು ನಿಜವಾಗಿ ತಿದ್ದಿತಾ ಅಂತ ಮುಂದಿನ ಬಿಲ್ಲು ತೆಗೆಸಿ ನೋಡಬೇಕು. ದೂರು ಕಡಿಮೆ ಬಂದ ತಾಲೂಕಿಗೆ ತಾನೇ ಹೋಗಬೇಕು.

ಭಾಷೆಯ ಮಾತೂ ಅದ. ಸಂವಿಧಾನದ 350ನೇ ವಿಧಿ ಹೇಳೋ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಆ ರಾಜ್ಯದ ಅಧಿಕಾರಿಗೆ ಕುಂದುಕೊರತೆ ಸಲ್ಲಿಸಬಹುದು. ಅಕ್ಕಲಕೋಟೆಯಲ್ಲಿ ಕನ್ನಡ ಶಾಲೆಗಳವ, ಮನೆಮಾತೂ ಅದೇ. ಅಲ್ಲಿಂದ ಕನ್ನಡದಲ್ಲಿ ಬಂದ ಅರ್ಜಿ ಎಷ್ಟು, ಉತ್ತರ ಹೋದದ್ದು ಎಷ್ಟು, ಯಾವ ಭಾಷೆಯಲ್ಲಿ: ನನ್ನ ತಪಾಸಣೆಯ ಮೊದಲ ಪುಟದಲ್ಲಿ ಈ ಮೂರು ಕಾಲಂ ಇರ್ತಾವ.

ಈಗ ಪ್ರಶ್ನೆ ಕೇಳ್ರಿ.