ಮುಳುಗಿದ ಊರು, ಮುಳುಗದ ಬಳಗ

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿಯ ದಡದಲ್ಲಿ, ಹಳೆಯ ಶೆಟ್ಟಿಹಳ್ಳಿ ಇತ್ತು. ಆ ಊರಿನ ಗುರುತಾಗಿ ಇಂದು ಎದ್ದು ಕಾಣುವುದು ಛಾವಣಿಯಿಲ್ಲದ ಜಪಮಾಲೆ ಮಾತೆಯ ದೇವಾಲಯವೊಂದೇ.

ಮೂಡಿಗೆರೆಯ ಮಲೆಗಳಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು ಬರುವ ಹೊಳೆಯ ಪಕ್ಕದಲ್ಲಿ ಫ್ರೆಂಚ್ ಮಿಶನರಿ ಗುರುಗಳು 1860ರ ದಶಕದಲ್ಲಿ ಈ ದೇವಾಲಯವನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಆಲೂರು, ಸಕಲೇಶಪುರ ಕಡೆಯ ತೋಟಗಳ ಆಂಗ್ಲ ಮಾಲೀಕರೂ ಸುತ್ತಲಿನ ಒಕ್ಕಲು ಕುಟುಂಬಗಳೂ ಇಲ್ಲಿ ಬಲಿಪೂಜೆಗೆ ಸೇರುತ್ತಿದ್ದರು. ಹೊಳೆಯ ನೀರು, ಹೊಲದ ಫಸಲು, ದೇವಾಲಯದ ಗಂಟೆ: ಊರಿನ ದಿನಚರಿ ಈ ಮೂರನ್ನು ಅನುಸರಿಸಿ ಸಾಗುತ್ತಿತ್ತು.

1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣಗೊಂಡಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯದಿಂದ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳು ಹಸಿರಾದವು. ಅದಕ್ಕಾಗಿ ಶೆಟ್ಟಿಹಳ್ಳಿ ಮೊದಲಾದ ಗ್ರಾಮಗಳು ತಮ್ಮ ನೆಲವನ್ನೇ ತೆತ್ತವು. ಇಲ್ಲಿನ ಕುಟುಂಬಗಳು ಜೋಸೆಫ್ ನಗರ, ಮರಿಯಾ ನಗರಗಳಲ್ಲಿ ಹೊಸದಾಗಿ ಒಲೆ ಹೂಡಿದವು.

ಮುಂಗಾರಿನಲ್ಲಿ ದೇವಾಲಯ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ಹೊಸ್ತಿಲವರೆಗೂ ನಡೆದು ಹೋಗಬಹುದು. ಹಾಗೆ ನೀರು ಇಳಿದಿದ್ದ ಒಂದು ದಿನ ನಾವು ಅಲ್ಲಿಗೆ ಹೋಗಿದ್ದೆವು. ಪ್ರವಾಸಿಗರು ಕಮಾನುಗಳ ಚಿತ್ರ ತೆಗೆಯುತ್ತಿದ್ದರು. ನಮ್ಮೊಡನೆ ಬಂದಿದ್ದ ಹಿರಿಯರೊಬ್ಬರು ಮಾತ್ರ ಬಿರುಕುಬಿಟ್ಟ ಬಯಲಿನತ್ತ ಕೈ ತೋರಿಸಿ, “ನಮ್ಮ ಮನೆ ಅಲ್ಲಿತ್ತು ಸ್ವಾಮಿ” ಎಂದು ಸುಮ್ಮನಾದರು. ನಮಗೆ ಕಂಡದ್ದು ಬರಿಯ ಮಣ್ಣು. ಅವರಿಗೆ ಕಂಡದ್ದು ಒಂದು ಊರು.

ಊರೆಂದರೆ ಯಾವುದು? ಕ್ರಿ.ಶ. 410ರಲ್ಲಿ ರೋಮ್ ನಗರ ಸೂರೆಯಾದಾಗ ಸಂತ ಅಗಸ್ಟಿನರ ಮುಂದೆಯೂ ಇಂಥದೇ ಪ್ರಶ್ನೆಯಿತ್ತು. ನಗರವೆಂದರೆ ಗೋಡೆಗಳಲ್ಲ, ಅದರ ಜನರೇ ಎಂಬುದು ಅವರ ವಿಚಾರ. ಆ ಅರ್ಥದಲ್ಲಿ ಶೆಟ್ಟಿಹಳ್ಳಿ ಮುಳುಗಿಲ್ಲ. ಆದರೆ ಜನರನ್ನು ಒಂದು ಬಳಗವಾಗಿ ಹಿಡಿದಿಡುವುದು ನೆನಪು. ಅದೂ ಗೋಡೆಗಳಂತೆಯೇ ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ. ಆ ಊರಿನಲ್ಲಿ ಹುಟ್ಟಿ ಬೆಳೆದವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ.

ಕುಸಿಯುವ ಇಟ್ಟಿಗೆಯನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿ ಇಲ್ಲದಿರಬಹುದು. ಆದರೆ ಯಾರ ಮನೆ ಎಲ್ಲಿತ್ತು, ಯಾವ ಬಾವಿಯ ನೀರು ಸಿಹಿಯಾಗಿತ್ತು, ಹಬ್ಬದ ಮೆರವಣಿಗೆ ಯಾವ ದಾರಿಯಲ್ಲಿ ಸಾಗುತ್ತಿತ್ತು ಎಂದು ಹಿರಿಯರನ್ನು ಕೇಳಿ ಬರೆದಿಡುವುದು ಪ್ರತಿ ಕುಟುಂಬಕ್ಕೂ ಸಾಧ್ಯ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದಾಗ ಆ ಕೆಲಸ ಆರಂಭವಾಗಲಿ.