ಎಚ್ಚರಿಸುವ ಬೇಲಿ

ಬೇಲಿಯು ಬೇಸಾಯದಷ್ಟೇ ಹಳೆಯದು. ಮನುಷ್ಯನು ತುಂಡು ನೆಲವನ್ನು ಹಸನು ಮಾಡಿ ಬೀಜ ಬಿತ್ತಿದ ದಿನವೇ, ಆ ಬೆಳೆಯನ್ನು ದನಕರುಗಳ ಮತ್ತು ಕಾಡುಪ್ರಾಣಿಗಳ ಬಾಯಿಂದ ಕಾಪಾಡುವ ಹೊಣೆಯೂ ಅವನ ಮೇಲೆ ಬಿದ್ದಿತು. ನಮ್ಮ ನಾಡಿನ ಬಯಲುಸೀಮೆಯಲ್ಲಿ ಕಳ್ಳಿ, ಕತ್ತಾಳೆ, ಜಾಲಿಮುಳ್ಳುಗಳ ಬೇಲಿಯನ್ನೂ, ಮಲೆನಾಡಿನಲ್ಲಿ ಬಿದಿರಿನ ಬೇಲಿಯನ್ನೂ, ಕರಾವಳಿಯಲ್ಲಿ ಮುರಕಲ್ಲಿನ ಪಾಗಾರವನ್ನೂ ಇಂದಿಗೂ ಕಾಣಬಹುದು. ಈ ಬೇಲಿಗಳು ನೋಟಕ್ಕೆ ಬೇರೆ ಬೇರೆಯಾದರೂ ಅವುಗಳಿಗೆಲ್ಲ ಒಂದು ಸಮಾನ ಗುಣವುಂಟು: ಅವು ತಡೆಯುತ್ತವೆ, ಆದರೆ ಕೊಲ್ಲುವುದಿಲ್ಲ. ಮುಳ್ಳು ಚುಚ್ಚಿದ ಹಸು ಹಿಂದಕ್ಕೆ ಸರಿಯುತ್ತದೆ. ನೆರೆಮನೆಯವನು ತಡಮೆಯನ್ನು ದಾಟಿ ನೆಮ್ಮದಿಯಿಂದ ಬಂದುಹೋಗುತ್ತಾನೆ.

ಈ ಬೇಲಿಗಳ ಸಾಲಿಗೆ ಈಗ ವಿದ್ಯುತ್ ಬೇಲಿಯೂ ಸೇರಿದೆ. ಕಾಡಂಚಿನ ಹೊಲಗದ್ದೆಗಳಲ್ಲಿ ಮೊದಲು ಕಾಣಿಸಿಕೊಂಡ ಅದು ಮನೆಯ ಹಿತ್ತಿಲಿಗೂ ಬಂದಿದೆ. ಕೋಳಿಗಳನ್ನು ನರಿ, ನಾಯಿಗಳಿಂದ ಕಾಯಲು, ಆಡುಗಳು ಸೊಪ್ಪಿನ ಮಡಿಗೆ ನುಗ್ಗದಂತೆ ತಡೆಯಲು, ಗೆಡ್ಡೆಗೆಣಸುಗಳನ್ನು ಹಂದಿಗಳಿಂದ ಉಳಿಸಲು ಜನರು ಇದನ್ನು ಬಳಸುತ್ತಿದ್ದಾರೆ. ಸರಿಯಾಗಿ ಅಳವಡಿಸಿದ ವಿದ್ಯುತ್ ಬೇಲಿಯು ಹಿರಿಯರ ಬೇಲಿಗಳಂತೆಯೇ ಎಚ್ಚರಿಸುತ್ತದೆ. ತಪ್ಪಾಗಿ ಅಳವಡಿಸಿದರೆ ಅದೇ ತಂತಿಯು ದನವನ್ನೂ ಮನುಷ್ಯನನ್ನೂ ಬಲಿ ತೆಗೆದುಕೊಳ್ಳುತ್ತದೆ. ಈ ಎರಡರ ನಡುವಣ ಅಂತರವನ್ನು ಅರಿಯುವುದು ಹಳ್ಳಿಯಲ್ಲಿಯೂ ಪಟ್ಟಣದ ಅಂಚಿನಲ್ಲಿಯೂ ವಾಸಿಸುವ ಪ್ರತಿಯೊಬ್ಬರಿಗೂ ಅವಶ್ಯಕ.

ವಿದ್ಯುತ್ ಬೇಲಿಯ ಬೆಳವಣಿಗೆಯಲ್ಲಿ ನ್ಯೂಜಿಲೆಂಡ್ ದೇಶದ ಪಾತ್ರ ದೊಡ್ಡದು. ಹುಲ್ಲುಗಾವಲುಗಳೂ ದನಕುರಿಗಳೂ ಹೇರಳವಾಗಿರುವ ಆ ದೇಶದಲ್ಲಿ, 1930ರ ದಶಕದಲ್ಲಿ, ಬಿಲ್ ಗ್ಯಾಲಗರ್ ಎಂಬ ರೈತನಿದ್ದನು. ಅವನ ಕುದುರೆಗೆ ಮನೆಯ ಮೋಟಾರು ಕಾರಿಗೆ ಮೈ ಉಜ್ಜಿಕೊಳ್ಳುವ ಚಾಳಿ ಇತ್ತೆಂದೂ, ಕಾರನ್ನು ಮುಟ್ಟಿದೊಡನೆ ಕುದುರೆಗೆ ಸಣ್ಣದೊಂದು ವಿದ್ಯುದಾಘಾತ ತಗಲುವಂತೆ ಅವನು ಏರ್ಪಾಡು ಮಾಡಿದನೆಂದೂ ಹೇಳುತ್ತಾರೆ. ಕುದುರೆಯು ಕಾರಿನ ಗೊಡವೆಯನ್ನು ಬಿಟ್ಟಿತು. ಇದೇ ಯುಕ್ತಿಯನ್ನು ಅವನು ಮುಂದೆ ಬೇಲಿಗೆ ಬಳಸಿದನು. 1962ರಲ್ಲಿ ಅದೇ ದೇಶದ ಡಗ್ ಫಿಲಿಪ್ಸ್ ಎಂಬವರು ಈ ಯಂತ್ರವನ್ನು ಬಹಳ ಸುಧಾರಿಸಿದರು. ಅದರಿಂದಾಗಿ ಹಲವು ಕಿಲೋಮೀಟರ್ ಉದ್ದದ ಬೇಲಿಗೂ ವಿದ್ಯುತ್ತನ್ನು ಹರಿಸುವುದು ಸಾಧ್ಯವಾಯಿತು. ಕುದುರೆಗೆ ಪಾಠ ಕಲಿಸುವುದೇ ಗ್ಯಾಲಗರನ ಉದ್ದೇಶವಾಗಿತ್ತೇ ಹೊರತು, ಅದರ ಪ್ರಾಣ ತೆಗೆಯುವುದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಬೇಲಿಯ ತತ್ತ್ವ ಸರಳವಾದುದು. ಬೇಲಿಗೆ ವಿದ್ಯುತ್ತನ್ನು ಒದಗಿಸುವ ಸಾಧನಕ್ಕೆ ಎನರ್ಜೈಸರ್ ಎಂದು ಹೆಸರು. ನಮ್ಮ ರೈತರು ಇದನ್ನು ಝಟಕಾ ಯಂತ್ರವೆಂದೂ ಕರೆಯುತ್ತಾರೆ. ಅದು ಬ್ಯಾಟರಿಯಿಂದಲೋ ಸೌರಫಲಕದಿಂದಲೋ ವಿದ್ಯುತ್ತನ್ನು ಪಡೆದು, ಕೆಪಾಸಿಟರ್ ಎಂಬ ಅಂಗದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟುಕೊಂಡು, ಒಮ್ಮೆಲೇ ತಂತಿಗೆ ಬಿಡುತ್ತದೆ. ಹೃದಯದ ಮಿಡಿತದಂತೆ ಈ ಕ್ರಿಯೆಯು ಸೆಕೆಂಡಿಗೆ ಸುಮಾರು ಒಂದು ಸಲ ನಡೆಯುತ್ತದೆ. ಪ್ರತಿಯೊಂದು ಮಿಡಿತದಲ್ಲಿಯೂ ವಿದ್ಯುತ್ತಿನ ಒತ್ತಡವು ಹಲವು ಸಾವಿರ ವೋಲ್ಟ್‌ಗಳಷ್ಟಿರುತ್ತದೆ. ಆದರೆ ಆ ಮಿಡಿತದ ಅವಧಿಯು ಸಾಮಾನ್ಯವಾಗಿ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಉಳಿದ ಕಾಲವೆಲ್ಲ ತಂತಿಯಲ್ಲಿ ವಿದ್ಯುತ್ತಿಲ್ಲ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಒಂದು ಮಿಡಿತದ ಶಕ್ತಿಯು, 500 ಓಮ್ ರೋಧದ ಮೂಲಕ ಅಳೆದಾಗ, 5 ಜೂಲ್‌ಗಳನ್ನು ಮೀರಕೂಡದು. ಹಿತ್ತಿಲಿನ ಬೇಲಿಗಂತೂ ಒಂದು ಜೂಲ್‌ಗಿಂತ ಕಡಿಮೆ ಶಕ್ತಿಯ ಯಂತ್ರವೇ ಸಾಕು. ತಂತಿಯನ್ನು ಮುಟ್ಟಿದ ಪ್ರಾಣಿಗೆ ಜೋರಾದ ಪೆಟ್ಟು ತಗಲಿದಂತಾಗುತ್ತದೆ. ಮುಂದಿನ ಮಿಡಿತ ಬರುವುದರೊಳಗೆ ಹಿಂದಕ್ಕೆ ಸರಿಯಲು ಅದಕ್ಕೆ ಬಿಡುವು ದೊರೆಯುತ್ತದೆ. ಈ ಬಿಡುವೇ ಪ್ರಾಣವನ್ನು ಉಳಿಸುವುದು.

ಇದಕ್ಕೆ ಪ್ರತಿಯಾಗಿ, ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಜೋಡಿಸಿದರೆ ಏನಾಗುವುದು? ಮನೆಯ ವಿದ್ಯುತ್ತಿನ ಒತ್ತಡ ಕೇವಲ 230 ವೋಲ್ಟ್. ಸಾವಿರಾರು ವೋಲ್ಟ್‌ಗಳ ಬೇಲಿಗಿಂತ ಇದು ಸೌಮ್ಯವೆಂದು ತಿಳಿಯದವರು ಭಾವಿಸಬಹುದು. ಆದರೆ ಈ ವಿದ್ಯುತ್ತು ಬಿಡುವಿಲ್ಲದೆ ಹರಿಯುವಂಥದು. ಮನುಷ್ಯನ ಶರೀರದ ರೋಧವು ಸುಮಾರು 1,000 ಓಮ್ ಎಂದಿಟ್ಟುಕೊಂಡರೆ, ಅದರ ಮೂಲಕ 230 ಮಿಲಿ ಆಂಪಿಯರ್ ವಿದ್ಯುತ್ತು ಹರಿಯುತ್ತದೆ. ಸುಮಾರು 10 ಮಿಲಿ ಆಂಪಿಯರ್‌ನಷ್ಟಾದೊಡನೆಯೇ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲು ಆಗದಂತಾಗಬಹುದು. ಅದು ಇನ್ನೂ ಹೆಚ್ಚಿದರೆ ಉಸಿರಾಟ ಕಟ್ಟುತ್ತದೆ. ಹೃದಯವು ಲಯ ತಪ್ಪಿ ನಿಲ್ಲುತ್ತದೆ. ಮನೆಯ ಫ್ಯೂಸು ಕಾಪಾಡುವುದೆಂದು ನಂಬುವಂತೆಯೂ ಇಲ್ಲ. ಮನುಷ್ಯನನ್ನು ಕೊಲ್ಲುವ ಈ ವಿದ್ಯುತ್ತು 60 ವ್ಯಾಟಿನ ಬಲ್ಬು ಉರಿಯಲು ಬೇಕಾದುದಕ್ಕಿಂತ ಕಡಿಮೆ. ಒಂದು ಬಲ್ಬು ಉರಿದರೆ ಫ್ಯೂಸು ಸುಡುವುದಿಲ್ಲವಷ್ಟೆ! ಆದುದರಿಂದ ಮನೆಯ ಅಥವಾ ಪಂಪ್‌ಸೆಟ್ಟಿನ ವಿದ್ಯುತ್ತನ್ನು ಎಂಥ ಸಂದರ್ಭದಲ್ಲಿಯೂ ಬೇಲಿಗೆ ನೇರವಾಗಿ ಜೋಡಿಸಕೂಡದು. ಇದು ಮೊದಲನೆಯ ನಿಯಮ; ಉಳಿದ ನಿಯಮಗಳೆಲ್ಲ ಇದರ ನಂತರದವು.

ಹೀಗಿದ್ದರೂ ಕೆಲವರು ಈ ಅಪಾಯದ ದಾರಿಯನ್ನು ಹಿಡಿಯುವುದೇಕೆ? ಖರ್ಚು ಉಳಿಸಬೇಕೆಂಬ ಆಸೆ ಒಂದು ಕಾರಣ. ಯಂತ್ರವು ಕೆಲಸ ಮಾಡುತ್ತಿಲ್ಲವೆಂಬ ನಿರಾಶೆ ಇನ್ನೊಂದು. ಬೇಲಿಯ ವಿದ್ಯುತ್ತು ತಂತಿಯಿಂದ ಪ್ರಾಣಿಯ ಮೈಗೆ, ಮೈಯಿಂದ ನೆಲಕ್ಕೆ, ನೆಲದಿಂದ ಮರಳಿ ಯಂತ್ರಕ್ಕೆ ಹರಿದಾಗಲೇ ಆಘಾತ ತಗಲುವುದು. ಬೇಸಿಗೆಯಲ್ಲಿ ನೆಲ ಒಣಗಿದಾಗ ಈ ದಾರಿ ಕಡಿದುಹೋಗುತ್ತದೆ. ಬೇಲಿಯು ಸಪ್ಪೆಯಾಗುತ್ತದೆ, ಆಡುಗಳು ಲೆಕ್ಕಿಸದೆ ನುಗ್ಗುತ್ತವೆ. ಇದಕ್ಕೆ ಪರಿಹಾರವು ಹೆಚ್ಚು ವಿದ್ಯುತ್ತಲ್ಲ, ಒಳ್ಳೆಯ ಭೂಸಂಪರ್ಕ. ಸತುವಿನ ಲೇಪವುಳ್ಳ, ಸುಮಾರು 2 ಮೀಟರ್ ಉದ್ದದ ಎರಡು ಮೂರು ಸರಳುಗಳನ್ನು ತೇವವಿರುವ ಜಾಗದಲ್ಲಿ ಹೂಳಬೇಕು. ಬೇಸಿಗೆಯಲ್ಲಿ ಅವುಗಳ ಬುಡಕ್ಕೆ ನೀರು ಹಾಕಬೇಕು. ತೀರ ಒಣನೆಲದಲ್ಲಿ ವಿದ್ಯುತ್ತಿನ ತಂತಿಗಳ ನಡುವೆ ಭೂಸಂಪರ್ಕದ ತಂತಿಯೊಂದನ್ನೂ ಎಳೆಯುವುದುಂಟು. ಬೇಲಿಯ ಭೂಸಂಪರ್ಕವು ಮನೆಯ ಭೂಸಂಪರ್ಕದಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಅದನ್ನು ನೀರಿನ ಕೊಳಾಯಿಗೆ ಎಂದಿಗೂ ಕಟ್ಟಬಾರದು.

ತಂತಿಯ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಮುಳ್ಳುತಂತಿಗೆ ವಿದ್ಯುತ್ತನ್ನು ಹರಿಸಲೇಬಾರದು. ಬಟ್ಟೆಯೋ ಚರ್ಮವೋ ಮುಳ್ಳಿಗೆ ಸಿಕ್ಕಿಕೊಂಡವರು ಬಿಡಿಸಿಕೊಳ್ಳಲಾರದೆ ಮತ್ತೆ ಮತ್ತೆ ಆಘಾತಕ್ಕೆ ಗುರಿಯಾಗುತ್ತಾರೆ. ಒಂದೇ ಬೇಲಿಗೆ ಎರಡು ಯಂತ್ರಗಳನ್ನು ಜೋಡಿಸಬಾರದು. ಹಾಗೆ ಮಾಡಿದರೆ ಎರಡು ಮಿಡಿತಗಳ ನಡುವಣ ಬಿಡುವು ಇಲ್ಲವಾಗುತ್ತದೆ. ವಿದ್ಯುತ್ ಕಂಬಗಳಿಗೆ ಬೇಲಿಯನ್ನು ಕಟ್ಟುವುದೂ, ಮೇಲೆ ಹಾದುಹೋಗುವ ವಿದ್ಯುತ್ ಮಾರ್ಗದ ಕೆಳಗೆ ಅದರುದ್ದಕ್ಕೂ ಬೇಲಿಯನ್ನು ಎಳೆಯುವುದೂ ಅಪಾಯಕರ. ಗುಡುಗು ಸಿಡಿಲಿನ ಮಳೆ ಬರುವ ಸೂಚನೆ ಕಂಡರೆ, ಮಳೆಗೆ ಮೊದಲೇ ಯಂತ್ರವನ್ನು ಬೇಲಿಯಿಂದ ಬೇರ್ಪಡಿಸಬೇಕು.

ಇನ್ನು ಸಾಕುಪ್ರಾಣಿಗಳ ವಿಚಾರ. ವಿದ್ಯುತ್ ಬೇಲಿಯು ಗೋಡೆಯಂತೆ ಪ್ರಾಣಿಯ ಮೈಯನ್ನು ತಡೆಯುವುದಿಲ್ಲ; ಅದರ ಮನಸ್ಸನ್ನು ತಡೆಯುತ್ತದೆ. ಆದುದರಿಂದ ಪ್ರಾಣಿಗೆ ಮೊದಲು ಪಾಠ ಆಗಬೇಕು. ಹೊಸದಾಗಿ ತಂದ ಆಡನ್ನೋ ಕರುವನ್ನೋ ಹಗಲು ಹೊತ್ತಿನಲ್ಲಿ, ನಮ್ಮ ಕಣ್ಣೆದುರಿನಲ್ಲಿ, ವಿಶಾಲವಾದ ಆವರಣದೊಳಗೆ ಬಿಡಬೇಕು. ಅದು ಕುತೂಹಲದಿಂದ ತಂತಿಯನ್ನು ಮೂಸುತ್ತದೆ. ಒದ್ದೆಯಾದ ಮೂಗಿಗೆ ಒಂದೆರಡು ಸಲ ಆಘಾತ ತಗಲಿದರೆ ಸಾಕು, ಪ್ರಾಣಿಯು ತಂತಿಯಿಂದ ದೂರವಿರಲು ಕಲಿಯುತ್ತದೆ. ಇಕ್ಕಟ್ಟಾದ ಜಾಗವಾದರೆ ಬೆದರಿದ ಪ್ರಾಣಿಯು ಮುಂದಕ್ಕೇ ನುಗ್ಗಿ ತಂತಿಗೆ ಸುತ್ತಿಕೊಳ್ಳುವ ಸಂಭವವುಂಟು. ತಂತಿ ಎದ್ದು ಕಾಣುವಂತೆ ಅಲ್ಲಲ್ಲಿ ಬಿಳಿಯ ಪಟ್ಟಿಗಳನ್ನು ಕಟ್ಟುವುದು ಒಳ್ಳೆಯದು. ದನಗಳಿಗೆ ಎರಡು ತಂತಿಗಳು ಸಾಕು; ಆಡುಗಳಿಗೆ ನಾಲ್ಕಾದರೂ ಬೇಕು. ಕುರಿಯ ಉಣ್ಣೆಯೂ ಕೋಳಿಯ ಗರಿಯೂ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದುದರಿಂದ ಅವುಗಳಿಗೆ ಈ ಬೇಲಿಯ ಭಯ ಕಡಿಮೆ. ಕೋಳಿಗಳನ್ನು ಒಳಗಡೆ ಸಾಧಾರಣ ಬಲೆಯಿಂದ ಕಾದು, ಹೊರಗಡೆ ನೆಲದಿಂದ ಒಂದು ಗೇಣಿನಷ್ಟು ಎತ್ತರದಲ್ಲಿ ವಿದ್ಯುತ್ ತಂತಿಯನ್ನು ಎಳೆದರೆ, ಮೂಸುತ್ತ ಬರುವ ನರಿ, ನಾಯಿಗಳು ಹಿಂದಿರುಗುತ್ತವೆ. ಹಗ್ಗದಿಂದ ಕಟ್ಟಿದ ಪ್ರಾಣಿಗೆ ಬೇಲಿಯು ಎಟುಕುವಂತಿರಬಾರದು. ಕೊಂಬುಳ್ಳ ಆಡುಗಳಿರುವಲ್ಲಿ ವಿದ್ಯುತ್ತಿನ ಬಲೆಯನ್ನು ಬಳಸಬಾರದು. ಹಗ್ಗವೋ ಕೊಂಬೋ ಸಿಕ್ಕಿಕೊಂಡ ಪ್ರಾಣಿಗೆ ಹಿಂದಕ್ಕೆ ಸರಿಯುವ ದಾರಿಯೇ ಇರುವುದಿಲ್ಲ.

ನಾವು ಸಾಕದ ಪ್ರಾಣಿಗಳನ್ನೂ ನೆನೆಯಬೇಕು. ದಕ್ಷಿಣ ಆಫ್ರಿಕದಲ್ಲಿ ನೆಲಕ್ಕೆ ತೀರ ಹತ್ತಿರವಾಗಿ ಎಳೆದ ವಿದ್ಯುತ್ ತಂತಿಗಳಿಂದ ಆಮೆಗಳೂ ಚಿಪ್ಪುಹಂದಿಗಳೂ ಸತ್ತಿವೆ. ಹೆದರಿದಾಗ ಓಡದೆ, ಇದ್ದಲ್ಲಿಯೇ ಮುದುಡಿಕೊಳ್ಳುವುದು ಅವುಗಳ ಸ್ವಭಾವ. ಚಿಪ್ಪುಹಂದಿಯು ತಂತಿಗೇ ಸುತ್ತಿಕೊಂಡು, ಮಿಡಿತದ ಮೇಲೆ ಮಿಡಿತವನ್ನು ಸಹಿಸುತ್ತ ಸಾಯುತ್ತದೆ. ನಮ್ಮ ಕಾಡುಗಳ ಚಿಪ್ಪುಹಂದಿಗೂ ಇದೇ ಸ್ವಭಾವವಿದೆ. ಆದುದರಿಂದ ಕೆಳಗಿನ ತಂತಿಯನ್ನು ಅಗತ್ಯಕ್ಕಿಂತ ತಗ್ಗಿಸಬಾರದು. ಬೆಳಿಗ್ಗೆ ಎದ್ದೊಡನೆ ಬೇಲಿಯ ಸುತ್ತ ಒಮ್ಮೆ ನಡೆದು ನೋಡಬೇಕು. ಆಗ ತಂತಿಗೆ ತಾಗುವ ಬಳ್ಳಿ, ಹುಲ್ಲುಗಳನ್ನು ಕತ್ತರಿಸುವ ಕೆಲಸವೂ ಆಗುತ್ತದೆ. ಹುಲ್ಲು ತಾಗಿದರೆ ವಿದ್ಯುತ್ತು ನೆಲಕ್ಕೆ ಸೋರಿ ಬೇಲಿಯು ದುರ್ಬಲವಾಗುತ್ತದೆ.

ಬೇಲಿಗೆ ಎರಡು ಮುಖಗಳುಂಟು. ಒಂದು ನಮ್ಮ ಕಡೆಗೆ, ಇನ್ನೊಂದು ನೆರೆಯವರ ಕಡೆಗೆ. ನಮ್ಮ ಬೇಲಿಯಲ್ಲಿ ವಿದ್ಯುತ್ತಿದೆ ಎಂಬುದು ನಮಗೆ ಗೊತ್ತು. ಕತ್ತಲೆಯಲ್ಲಿ ಕರುವನ್ನು ಹುಡುಕಿಕೊಂಡು ಬರುವ ನೆರೆಯವನಿಗೆ ಗೊತ್ತಿಲ್ಲ. ಚೆಂಡಿನ ಬೆನ್ನು ಹತ್ತಿ ಬರುವ ಮಗುವಿಗಂತೂ ಗೊತ್ತೇ ಇಲ್ಲ. ಆದುದರಿಂದ ಬೇಲಿ ಹಾಕುವ ಮೊದಲು ಅಕ್ಕಪಕ್ಕದವರಿಗೆ ತಿಳಿಸುವುದು ಕೇವಲ ಸೌಜನ್ಯವಲ್ಲ, ಕರ್ತವ್ಯ. ಯಂತ್ರವನ್ನು ನಿಲ್ಲಿಸುವ ಗುಂಡಿ ಎಲ್ಲಿದೆ ಎಂಬುದನ್ನು ಅವರಿಗೂ ತೋರಿಸಿಕೊಡಬೇಕು. ಹಳದಿ ಬಣ್ಣದ, ಕನಿಷ್ಠ 10 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಫಲಕಗಳನ್ನು ಅಲ್ಲಲ್ಲಿ ತೂಗುಹಾಕಬೇಕು. ಅವುಗಳ ಎರಡೂ ಬದಿಗಳಲ್ಲಿ ಎಚ್ಚರಿಕೆಯ ಮಾತು ಕಪ್ಪು ಅಕ್ಷರಗಳಲ್ಲಿರಬೇಕು. ಓದು ಬಾರದವರಿಗಾಗಿ ಚಿತ್ರವೂ ಇರಬೇಕು. ಕಾಲುದಾರಿ, ಬಾವಿಯ ದಾರಿ, ಮಕ್ಕಳು ಆಡುವ ಬಯಲು ಇವುಗಳ ಅಂಚಿನಲ್ಲಿ ಬರಿಯ ವಿದ್ಯುತ್ ತಂತಿಯನ್ನು ಎಳೆಯದೆ, ಅದರ ಹೊರಗೆ ಸಾಧಾರಣ ಬೇಲಿಯೊಂದನ್ನು ಹಾಕುವುದು ಲೇಸು. ಯಂತ್ರವುಳ್ಳ ಬೇಲಿಯನ್ನೂ ಆಟದ ವಸ್ತುವೆಂದು ಎಣಿಸಬಾರದು. ತಲೆ, ಕುತ್ತಿಗೆ, ಎದೆಗಳಿಗೆ ತಗಲುವ ಆಘಾತವು ಅಪಾಯಕಾರಿ. ಹೃದ್ರೋಗಿಗಳಿಗೆ ಅದು ಇನ್ನೂ ಅಪಾಯಕಾರಿ. ತಂತಿಗಳ ನಡುವೆ ನುಸುಳುವುದನ್ನೂ ಬೇಲಿಯನ್ನು ಹತ್ತುವುದನ್ನೂ ಮಕ್ಕಳು ಮಾಡಕೂಡದು.

ಇಷ್ಟಾದರೂ ಎಲ್ಲಿಯಾದರೂ ಒಬ್ಬನು ಬೇಲಿಗೆ ಅಂಟಿಕೊಂಡು ಬಿದ್ದಿರುವುದನ್ನು ಕಂಡರೆ, ಅದು ನೇರ ವಿದ್ಯುತ್ತಿನ ಬೇಲಿಯೆಂದೇ ತಿಳಿಯಬೇಕು. ಕರುಣೆಯಿಂದ ಓಡಿಹೋಗಿ ಅವನನ್ನು ಮುಟ್ಟಿದರೆ ಒಂದರ ಬದಲು ಎರಡು ಜೀವಗಳು ಹೋಗುತ್ತವೆ. ಮೊದಲು ವಿದ್ಯುತ್ತನ್ನು ನಿಲ್ಲಿಸಬೇಕು. ಮನೆಯ ವಿದ್ಯುತ್ತಿಗೆ ಜೋಡಿಸಿರುವುದು ಖಚಿತವಾಗಿದ್ದು, ಅದನ್ನು ನಿಲ್ಲಿಸಲು ಸಾಧ್ಯವಾಗದಿದ್ದರೆ ಮಾತ್ರ, ಒಣಗಿದ ಮರದ ಹಲಗೆಯ ಮೇಲೆ ನಿಂತು, ಒಣಗಿದ ಮರದ ಕೋಲಿನಿಂದ ತಂತಿಯನ್ನು ಬೇರ್ಪಡಿಸಬಹುದು. ದೊಡ್ಡ ವಿದ್ಯುತ್ ಮಾರ್ಗದ ತಂತಿಯಾದರೆ ಹತ್ತಿರಕ್ಕೂ ಹೋಗಬಾರದು. ಕರ್ನಾಟಕದಲ್ಲಿ ವಿದ್ಯುತ್ ಸಂಸ್ಥೆಗೆ 1912, ಆಂಬುಲೆನ್ಸಿಗೆ 108, ತುರ್ತು ನೆರವಿಗೆ 112 ಎಂಬ ದೂರವಾಣಿ ಸಂಖ್ಯೆಗಳನ್ನು ಎಲ್ಲರೂ ನೆನಪಿನಲ್ಲಿಡಬೇಕು. ವಿದ್ಯುತ್ತು ನಿಂತ ಮೇಲೆ, ಬಿದ್ದವನ ಉಸಿರಾಟ ನಿಂತಿದ್ದರೆ, ನೆರವು ಬರುವವರೆಗೂ ಅವನ ಎದೆಯ ನಡುಭಾಗವನ್ನು ಬಲವಾಗಿ, ವೇಗವಾಗಿ ಒತ್ತುತ್ತಿರಬೇಕು.

ಕಾನೂನು ಕೂಡ ಈ ವಿಷಯದಲ್ಲಿ ಸುಮ್ಮನಿಲ್ಲ. ಮಾರ್ಗದಿಂದ ವಿದ್ಯುತ್ತನ್ನು ಕದ್ದು ಬೇಲಿಗೆ ಹರಿಸುವುದು 2003ರ ವಿದ್ಯುಚ್ಛಕ್ತಿ ಅಧಿನಿಯಮದ ಪ್ರಕಾರ ಅಪರಾಧ. ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅದರಿಂದ ಮನುಷ್ಯನು ಸತ್ತರೆ ಸಾವಿಗೆ ಕಾರಣನಾದ ಆರೋಪವೂ, ಆನೆಯಂಥ ವನ್ಯಪ್ರಾಣಿ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಶಿಕ್ಷೆಯೂ ಎದುರಾಗುತ್ತವೆ. ಆದರೆ ಶಿಕ್ಷೆಯ ಭಯಕ್ಕಿಂತ ದೊಡ್ಡದು ವಿವೇಕ. ಒಂದು ಮಡಿ ಗೆಣಸನ್ನು ಉಳಿಸಲು ಹಾಕಿದ ತಂತಿಗೆ ನೆರೆಮನೆಯ ದೀಪವೇ ಆರಿಹೋದರೆ, ಉಳಿಸಿದ ಬೆಳೆಯನ್ನು ಯಾವ ಬಾಯಿಂದ ಉಣ್ಣುವುದು? ಎಷ್ಟೋ ಸಲ ಅಂಥ ತಂತಿಗೆ ಬಲಿಯಾಗುವವರು ಅದನ್ನು ಹಾಕಿದ ಮನೆಯವರೇ.

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಕಾಯಬೇಕಾದುದೇ ಕೊಲ್ಲತೊಡಗಿದರೆ ಆಗುವ ಅನರ್ಥವನ್ನು ಈ ಗಾದೆಯು ಎಂದೋ ಹೇಳಿಟ್ಟಿದೆ. ವಿದ್ಯುತ್ತು ಮನುಷ್ಯನ ಕೈಗೆ ಬಂದ ದೊಡ್ಡ ಶಕ್ತಿ. ಅದನ್ನು ಅಳತೆಯಲ್ಲಿಟ್ಟು, ನೆರೆಯವರಿಗೆ ತಿಳಿಸಿ, ಪ್ರಾಣಿಗೆ ಹಿಂದಕ್ಕೆ ಸರಿಯಲು ಬಿಡುವು ಕೊಟ್ಟು ಬಳಸಿದರೆ, ನಮ್ಮ ಹಿತ್ತಿಲೂ ಕ್ಷೇಮ, ಅವರ ಅಂಗಳವೂ ಕ್ಷೇಮ.